ಹೃದಯ ಸ್ತಂಭನ: ಆಂಬುಲೆನ್ಸ್ ಬರುವವರೆಗಿನ ನಿಮಿಷಗಳಲ್ಲಿ ಸಾರ್ವಜನಿಕರ ಪಾತ್ರ

ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸಲು ಕಚೇರಿಗಳಿಗೆ ಬರುವ ಸಾರ್ವಜನಿಕರು ಸರದಿಯಲ್ಲಿ ಬಹಳ ಹೊತ್ತು ನಿಲ್ಲಬೇಕಾದ ಸಂದರ್ಭಗಳು ಇಂದಿಗೂ ಇವೆ. ಅಂತಹ ಸ್ಥಳದಲ್ಲಿ ವ್ಯಕ್ತಿಯೊಬ್ಬರು ಹಠಾತ್ತನೆ ಕುಸಿದು, ಅವರ ಹೃದಯದ ಬಡಿತವು ನಿಂತುಹೋದಲ್ಲಿ ಪಕ್ಕದಲ್ಲಿರುವವರು ಏನು ಮಾಡಬೇಕು ಮತ್ತು ಹಾಗೆ ಮಾಡುವುದರಿಂದ ನಿಜವಾಗಿಯೂ ಪ್ರಯೋಜನವಿದೆಯೇ ಎಂಬ ಪ್ರಶ್ನೆಗಳಿಗೆ ಆರು ದಶಕಗಳಿಗೂ ಮೀರಿದ ಸಂಶೋಧನೆಯು ನೀಡಿರುವ ಉತ್ತರವನ್ನು ಸಾರ್ವಜನಿಕರಿಗೆ ತಿಳಿಯಪಡಿಸುವ ಉದ್ದೇಶದಿಂದ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಇದು ವೈದ್ಯರ ಸಲಹೆಗಾಗಲಿ, ಪ್ರಥಮ ಚಿಕಿತ್ಸೆಯ ತರಬೇತಿಗಾಗಲಿ ಪರ್ಯಾಯವಲ್ಲ.

ಈ ಮಾಹಿತಿಯನ್ನು ಸಿದ್ಧಪಡಿಸಿದ ಅಧಿಕಾರಿಯು ಹಿಂದೆ ಕರ್ತವ್ಯ ನಿರ್ವಹಿಸುತ್ತಿದ್ದ ಕಚೇರಿಯೊಂದರಲ್ಲಿ ನಡೆದ ಘಟನೆಯನ್ನು ಇಲ್ಲಿ ಪ್ರಸ್ತಾಪಿಸುವುದು ಸೂಕ್ತವೆನಿಸುತ್ತದೆ. ಪಹಣಿಯಲ್ಲಿನ ಹೆಸರಿನ ತಿದ್ದುಪಡಿಗಾಗಿ ಬಂದಿದ್ದ ಸುಮಾರು ಅರವತ್ತು ವರ್ಷದ ರೈತರೊಬ್ಬರು ಸರದಿಯಲ್ಲಿ ನಿಂತಿದ್ದಂತೆಯೇ ಕುಸಿದುಬಿದ್ದರು. ಸುತ್ತಲೂ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಮತ್ತೊಬ್ಬರು ಕೈಗೆ ಕೀಲಿಗೊಂಚಲು ಹಿಡಿಸಿದರು, ಮಗದೊಬ್ಬರು ಈರುಳ್ಳಿ ತರಲು ಓಡಿದರು. ಗಂಟಲಿನಿಂದ ಗೊರಕೆಯಂತಹ ಶಬ್ದ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದುದರಿಂದ ಉಸಿರಾಡುತ್ತಿದ್ದಾರೆ, ಗಾಳಿ ಬಿಡಿ ಎಂದು ಎಲ್ಲರೂ ಹಿಂದೆ ಸರಿದರು. ಈ ಲೇಖಕರೂ ಹಿಂದೆ ಸರಿದವರಲ್ಲಿ ಒಬ್ಬರು. ಬಳಿಕ ಆಟೋರಿಕ್ಷಾದಲ್ಲಿ ಕುಳ್ಳಿರಿಸಿ ಆಸ್ಪತ್ರೆಗೆ ಕರೆದೊಯ್ಯಲಾಯಿತು. ಅಲ್ಲಿಗೆ ತಲುಪುವಷ್ಟರಲ್ಲಿ ಅವರು ಮೃತಪಟ್ಟಿದ್ದರು. ಯಾರೂ ಉದಾಸೀನ ಮಾಡಿರಲಿಲ್ಲ. ಆದರೆ ಮಾಡಬೇಕಾಗಿದ್ದ ಒಂದು ಕೆಲಸವನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಹೃದಯಾಘಾತ ಮತ್ತು ಹೃದಯ ಸ್ತಂಭನ

ಈ ಎರಡೂ ಪದಗಳನ್ನು ಪತ್ರಿಕೆಗಳಲ್ಲಿಯೂ ಮಾತಿನಲ್ಲಿಯೂ ಒಂದೇ ಅರ್ಥದಲ್ಲಿ ಬಳಸಲಾಗುತ್ತಿದ್ದು, ಇದರಿಂದ ಗೊಂದಲವುಂಟಾಗುತ್ತಿದೆ. ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಳ್ಳುವುದು ಹೃದಯಾಘಾತ. ಇಂತಹ ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ, ಎದೆನೋವು ಇರುತ್ತದೆ, ಬೆವರುತ್ತಾರೆ, ಮಾತನಾಡುತ್ತಾರೆ. ಹೃದಯ ಸ್ತಂಭನವೆಂದರೆ ಹೃದಯವು ರಕ್ತವನ್ನು ಹೊರದೂಡುವ ಕೆಲಸವನ್ನೇ ನಿಲ್ಲಿಸುವುದು. ಅನೇಕ ಸಂದರ್ಭಗಳಲ್ಲಿ ಹೃದಯದೊಳಗಿನ ವಿದ್ಯುತ್ ಸಂಕೇತಗಳು ಅಸ್ತವ್ಯಸ್ತಗೊಂಡು, ಅದರ ಕೆಳಕೋಣೆಗಳು ಸಂಕುಚಿಸುವುದರ ಬದಲು ಬರಿದೇ ಅದುರತೊಡಗುತ್ತವೆ. ಮೆದುಳಿಗೆ ರಕ್ತ ತಲುಪದೆ ಕೆಲವೇ ಕ್ಷಣಗಳಲ್ಲಿ ವ್ಯಕ್ತಿಯು ಪ್ರಜ್ಞೆ ಕಳೆದುಕೊಳ್ಳುತ್ತಾನೆ. ಹೃದಯಾಘಾತವು ಹೃದಯ ಸ್ತಂಭನಕ್ಕೆ ದಾರಿಯಾಗಬಹುದು. ಆದರೆ ಸ್ತಂಭನಕ್ಕೆ ವಿದ್ಯುತ್ ಆಘಾತ, ನೀರಿನಲ್ಲಿ ಮುಳುಗುವಿಕೆ, ಹೃದಯದ ಜನ್ಮಜಾತ ದೋಷ ಮುಂತಾದ ಬೇರೆ ಕಾರಣಗಳೂ ಉಂಟು.

2021ರ ಅಕ್ಟೋಬರ್ 29ರಂದು ಖ್ಯಾತ ನಟರಾದ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದ ತರುವಾಯ ಹೃದಯ ತಪಾಸಣೆಗಾಗಿ ರಾಜ್ಯದ ಆಸ್ಪತ್ರೆಗಳಿಗೆ ಜನರು ಹೆಚ್ಚಿನ ಸಂಖ್ಯೆಯಲ್ಲಿ ಧಾವಿಸಿದ್ದು ಸರ್ವರಿಗೂ ತಿಳಿದ ವಿಷಯ. ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರವು ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೊಳಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ದೂರದ ಹೃದ್ರೋಗ ತಜ್ಞರು ಪರಿಶೀಲಿಸಿ, ಅಗತ್ಯವಿದ್ದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವುದು ಈ ಯೋಜನೆಯ ತಿರುಳು. ಹೃದಯಾಘಾತಕ್ಕೊಳಗಾದವರಿಗೆ ಇದು ಅತ್ಯಂತ ಉಪಯುಕ್ತವಾದುದು. ಆದರೆ ಬಡಿತವೇ ನಿಂತು ಕುಸಿದುಬಿದ್ದ ವ್ಯಕ್ತಿಯು ತಾಲ್ಲೂಕು ಆಸ್ಪತ್ರೆಯನ್ನು ಜೀವಂತವಾಗಿ ತಲುಪುವುದೇ ಮೊದಲ ಸಮಸ್ಯೆ. ಆಗ ಚುಚ್ಚುಮದ್ದಿಗಿಂತ ಮೊದಲು ಬೇಕಾಗುವುದು ಪಕ್ಕದಲ್ಲಿರುವವರ ಎರಡು ಕೈಗಳು.

ಎದೆ ಒತ್ತುವ ವಿಧಾನದ ಹಿನ್ನೆಲೆ

1950ರ ದಶಕದ ಕೊನೆಯವರೆಗೂ ನಿಂತ ಹೃದಯವನ್ನು ಮತ್ತೆ ನಡೆಸಲು ವೈದ್ಯರು ಎದೆಯನ್ನು ಕೊಯ್ದು, ಹೃದಯವನ್ನು ಕೈಯಲ್ಲಿ ಹಿಡಿದು ಹಿಸುಕುತ್ತಿದ್ದರು. ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಇದು ಸಾಧ್ಯವಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದ ಆವಿಷ್ಕಾರದ ಮೂಲವು ವೈದ್ಯಕೀಯದಲ್ಲಿ ಅಲ್ಲ, ವಿದ್ಯುತ್ ಇಲಾಖೆಯ ಚಿಂತೆಯಲ್ಲಿತ್ತು ಎನ್ನಬಹುದು. ಅಮೆರಿಕದ ವಿದ್ಯುತ್ ಕಂಪನಿಗಳು ತಮ್ಮ ಲೈನ್‌ಮನ್‌ಗಳು ವಿದ್ಯುದಾಘಾತದಿಂದ ಸಾಯುತ್ತಿದ್ದುದರಿಂದ ಆತಂಕಗೊಂಡು ಸಂಶೋಧನೆಗೆ ಹಣ ಒದಗಿಸಿದವು. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಈ ಕೆಲಸವನ್ನು ಕೈಗೊಂಡ ವಿಲಿಯಂ ಕೌವೆನ್‌ಹೋವನ್ ಅವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. 1958ರಲ್ಲಿ ಅವರ ತಂಡದ ಗೈ ನಿಕರ್‌ಬಾಕರ್ ಎಂಬ ಯುವ ಎಂಜಿನಿಯರ್, ನಾಯಿಯ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ವಿದ್ಯುತ್ ಹಾಯಿಸುವ ಭಾರವಾದ ಫಲಕಗಳನ್ನು ಎದೆಯ ಮೇಲೆ ಒತ್ತಿದ ಮಾತ್ರಕ್ಕೇ ರಕ್ತದೊತ್ತಡ ಏರಿದುದನ್ನು ಗಮನಿಸಿದರು. ವಿದ್ಯುತ್ತು ಇನ್ನೂ ಹರಿದಿರಲಿಲ್ಲ, ಬರೀ ಒತ್ತಡವಷ್ಟೇ ರಕ್ತವನ್ನು ಚಲಿಸುವಂತೆ ಮಾಡಿತ್ತು.

ಶಸ್ತ್ರವೈದ್ಯ ಜೇಮ್ಸ್ ಜೂಡ್ ಅವರೊಡಗೂಡಿ ಈ ಮೂವರು 1960ರ ಜುಲೈ ತಿಂಗಳಿನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 20 ರೋಗಿಗಳ ವಿವರವಿದ್ದು, ಅವರಲ್ಲಿ 14 ಮಂದಿ ಬದುಕುಳಿದಿದ್ದರು. ಶೇಕಡಾ 70ರ ಈ ಪ್ರಮಾಣವನ್ನು ಕಂಡು ಯಾರೂ ಮೋಸಹೋಗಬಾರದು. ಅವರು ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರಿನಲ್ಲಿಯೇ ಕುಸಿದವರು. ಬೀದಿಯಲ್ಲಿ, ಮನೆಯಲ್ಲಿ, ಹೊಲದಲ್ಲಿ ಕುಸಿದವರ ಲೆಕ್ಕವೇ ಬೇರೆ. ಆ ಲೆಕ್ಕವನ್ನು ಒಂದು ದೇಶದ ಮಟ್ಟದಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟ ಉದಾಹರಣೆಗಳಲ್ಲಿ ಡೆನ್ಮಾರ್ಕ್ ಮುಖ್ಯವಾದುದು.

ಡೆನ್ಮಾರ್ಕ್ ದೇಶದ ಹತ್ತು ವರ್ಷಗಳು

ಡೆನ್ಮಾರ್ಕ್ ಯುರೋಪಿನ ಉತ್ತರ ಭಾಗದ ಒಂದು ಸಣ್ಣ ದೇಶ. 2001ರಿಂದ ಅಲ್ಲಿ ಆಸ್ಪತ್ರೆಯ ಹೊರಗೆ ಸಂಭವಿಸಿದ ಹೃದಯ ಸ್ತಂಭನದ ಪ್ರತಿಯೊಂದು ಪ್ರಕರಣಕ್ಕೂ ಆಂಬುಲೆನ್ಸ್ ಸಿಬ್ಬಂದಿಯು ನಿಗದಿತ ನಮೂನೆಯೊಂದನ್ನು ಭರ್ತಿ ಮಾಡುವುದು ಕಡ್ಡಾಯವಾಯಿತು. ಕುಸಿದುದನ್ನು ಯಾರಾದರೂ ನೋಡಿದ್ದರೇ, ಆಂಬುಲೆನ್ಸ್ ಬರುವ ಮುನ್ನ ಯಾರಾದರೂ ಎದೆ ಒತ್ತಿದ್ದರೇ ಎಂಬ ಅಂಶಗಳು ಅದರಲ್ಲಿ ದಾಖಲಾಗುತ್ತಿದ್ದವು. ಅಲ್ಲಿನ ಪ್ರತಿ ನಾಗರಿಕರಿಗೂ 1968ರಿಂದಲೇ ಒಂದು ಗುರುತಿನ ಸಂಖ್ಯೆ ಇರುವುದರಿಂದ, ಅದೇ ವ್ಯಕ್ತಿಯು 30 ದಿನಗಳ ನಂತರ, ಒಂದು ವರ್ಷದ ನಂತರ ಬದುಕಿದ್ದಾರೆಯೇ ಎಂಬುದನ್ನು ಇತರ ದಾಖಲೆಗಳೊಡನೆ ತಾಳೆ ನೋಡುವುದು ಸಾಧ್ಯವಾಯಿತು. ಆ ಗುರುತಿನ ಸಂಖ್ಯೆಯನ್ನು ಅಲ್ಲಿನವರು ಸಿಪಿಆರ್ ಸಂಖ್ಯೆ ಎಂದೇ ಕರೆಯುತ್ತಾರೆ. ಎದೆ ಒತ್ತುವ ಸಿಪಿಆರ್ ವಿಧಾನಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ನಮೂನೆಗಳನ್ನು ಭರ್ತಿ ಮಾಡುವುದು ವ್ಯರ್ಥ ಶ್ರಮವೆಂದು ಭಾವಿಸುವವರಿಗೆ ಇದೊಂದು ಉತ್ತರವೂ ಹೌದು.

ಮೊದಲ ವರ್ಷದ ಲೆಕ್ಕವು ನಿರಾಶಾದಾಯಕವಾಗಿತ್ತು. 2001ರಲ್ಲಿ ಆಂಬುಲೆನ್ಸ್ ಬರುವ ಮುನ್ನ ಸ್ಥಳದಲ್ಲಿದ್ದವರಿಂದ ಸಿಪಿಆರ್ ದೊರೆತವರು ಶೇಕಡಾ 21.1 ಮಾತ್ರ. 30 ದಿನಗಳ ನಂತರ ಬದುಕಿದ್ದವರು ಶೇಕಡಾ 3.5. ಅಲ್ಲಿನ ಸರ್ಕಾರವು ಇದಕ್ಕೆ ಪರಿಹಾರವನ್ನು ಆಸ್ಪತ್ರೆಗಳಲ್ಲಿ ಮಾತ್ರ ಹುಡುಕಲಿಲ್ಲ. 2005ರ ಜನವರಿಯಿಂದ ಪ್ರಾಥಮಿಕ ಹಂತದ ಶಾಲೆಗಳಲ್ಲಿ ಸಿಪಿಆರ್ ತರಬೇತಿಯನ್ನು ಕಡ್ಡಾಯಗೊಳಿಸಲಾಯಿತು. 2006ರ ಅಕ್ಟೋಬರ್‌ನಿಂದ ವಾಹನ ಚಾಲನಾ ಪರವಾನಗಿ ಬಯಸುವ ಅರ್ಜಿದಾರರೆಲ್ಲರೂ ಸಿಪಿಆರ್ ಒಳಗೊಂಡ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಪಡೆಯಬೇಕೆಂದು ವಿಧಿಸಲಾಯಿತು. ಮುಂದೆ ತುರ್ತು ಕರೆಗಳನ್ನು ಸ್ವೀಕರಿಸುವ ಕೇಂದ್ರಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ನೇಮಿಸಿ, ಕರೆ ಮಾಡಿದವರಿಗೆ ದೂರವಾಣಿಯಲ್ಲಿಯೇ ಸೂಚನೆ ನೀಡುವ ವ್ಯವಸ್ಥೆಯನ್ನೂ ಬಲಪಡಿಸಲಾಯಿತು.

2010ರ ವೇಳೆಗೆ ಸ್ಥಳದಲ್ಲಿದ್ದವರಿಂದ ಸಿಪಿಆರ್ ದೊರೆತವರ ಪ್ರಮಾಣವು ಶೇಕಡಾ 44.9ಕ್ಕೆ ಏರಿತು. 30 ದಿನಗಳ ನಂತರ ಬದುಕಿದ್ದವರ ಪ್ರಮಾಣವು ಶೇಕಡಾ 10.8 ಆಯಿತು. ಈ ಅಂಕಿ-ಅಂಶಗಳು 2013ರಲ್ಲಿ ಪ್ರಕಟವಾದವು. ನೂರರಲ್ಲಿ ಸುಮಾರು 89 ಮಂದಿ ಆಗಲೂ ಉಳಿಯಲಿಲ್ಲವೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ನೂರರಲ್ಲಿ ಮೂರ್ನಾಲ್ಕು ಮಂದಿ ಉಳಿಯುತ್ತಿದ್ದ ಕಡೆ ಹತ್ತಕ್ಕೂ ಹೆಚ್ಚು ಮಂದಿ ಉಳಿದರು. ಇದಕ್ಕೆಲ್ಲ ಜನರ ತರಬೇತಿಯೊಂದೇ ಕಾರಣವೆಂದು ಹೇಳಲು ಬಾರದು. ಅದೇ ಅವಧಿಯಲ್ಲಿ ಆಂಬುಲೆನ್ಸ್ ಸೇವೆಯೂ ಆಸ್ಪತ್ರೆಯ ಚಿಕಿತ್ಸೆಯೂ ಸುಧಾರಿಸಿದ್ದವು ಎಂದು ಅಧ್ಯಯನ ನಡೆಸಿದವರೇ ಒಪ್ಪಿಕೊಂಡಿದ್ದಾರೆ. ಶಾಲೆಗಳಿಗೆ ಸಂಬಂಧಿಸಿದ ಆದೇಶವು ಎಲ್ಲ ಶಾಲೆಗಳಲ್ಲಿಯೂ ಜಾರಿಗೆ ಬರಲಿಲ್ಲವೆಂಬುದೂ ಮುಂದಿನ ಸಮೀಕ್ಷೆಯಲ್ಲಿ ತಿಳಿದುಬಂದಿತು. ಆದೇಶ ಹೊರಡಿಸುವುದಕ್ಕೂ ಅದು ಪಾಲನೆಯಾಗುವುದಕ್ಕೂ ಇರುವ ಅಂತರವು ಯಾವ ದೇಶಕ್ಕೂ ಹೊಸದಲ್ಲ.

ಬದುಕಿದರೂ ಮೆದುಳಿಗೆ ಹಾನಿಯಾಗಿ ಹಾಸಿಗೆ ಹಿಡಿಯುವುದಾದರೆ ಪ್ರಯೋಜನವೇನು ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಇದಕ್ಕೂ ಡೆನ್ಮಾರ್ಕಿನ ದಾಖಲೆಗಳಿಂದಲೇ ಉತ್ತರ ದೊರೆತಿದೆ. 2001ರಿಂದ 2012ರವರೆಗೆ 30 ದಿನಗಳನ್ನು ದಾಟಿ ಬದುಕಿದ 2,855 ಮಂದಿಯನ್ನು ಒಂದು ವರ್ಷ ಕಾಲ ಗಮನಿಸಿದ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ಸ್ಥಳದಲ್ಲಿದ್ದವರಿಂದ ಸಿಪಿಆರ್ ಪಡೆದವರಲ್ಲಿ ಮೆದುಳಿನ ಹಾನಿ ಅಥವಾ ಶುಶ್ರೂಷಾಲಯಕ್ಕೆ ಸೇರುವ ಸಂಭವವು, ಪಡೆಯದವರಿಗಿಂತ ಶೇಕಡಾ 38ರಷ್ಟು ಕಡಿಮೆಯಿತ್ತು. ಬೇಗ ಒತ್ತಿದ ಕೈಗಳು ಜೀವವನ್ನಷ್ಟೇ ಅಲ್ಲದೆ ಮೆದುಳನ್ನೂ ಉಳಿಸುತ್ತವೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

2021ರ ಜೂನ್ 12ರಂದು ಕೋಪನ್‌ಹೇಗನ್ ನಗರದ ಕ್ರೀಡಾಂಗಣದಲ್ಲಿ ಫಿನ್ಲೆಂಡ್ ವಿರುದ್ಧ ಆಡುತ್ತಿದ್ದ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಅವರು ಕುಸಿದುಬಿದ್ದುದನ್ನು ನಮ್ಮ ನಾಡಿನಲ್ಲಿಯೂ ಅನೇಕರು ದೂರದರ್ಶನದಲ್ಲಿ ಕಂಡಿದ್ದಾರೆ. ಮೈದಾನದಲ್ಲಿಯೇ ಎದೆ ಒತ್ತಿ, ವಿದ್ಯುತ್ ಆಘಾತ ನೀಡಿ ಅವರನ್ನು ಉಳಿಸಲಾಯಿತು. 2022ರ ಫೆಬ್ರವರಿಯಲ್ಲಿ ಅವರು ಮರಳಿ ಪಂದ್ಯವಾಡಿದರು. ಎಲ್ಲರೂ ಕ್ರೀಡಾಂಗಣದಲ್ಲಿ, ವೈದ್ಯರ ಸಮ್ಮುಖದಲ್ಲಿ ಕುಸಿಯುವುದಿಲ್ಲ. ಹೆಚ್ಚಿನ ಪ್ರಕರಣಗಳು ಸಂಭವಿಸುವುದು ಮನೆಯಲ್ಲಿ.

ನಮ್ಮ ರಾಜ್ಯದಲ್ಲಿ ಬಸ್ ನಿರ್ವಾಹಕರ ಪರವಾನಗಿಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವನ್ನು ಕೇಳುವ ಪದ್ಧತಿ ಹಿಂದಿನಿಂದಲೂ ಇದೆ. ಬಹಳಷ್ಟು ಅರ್ಜಿದಾರರು ಅದನ್ನು ಲಗತ್ತಿಸಬೇಕಾದ ಇನ್ನೊಂದು ಕಾಗದವೆಂದು ಭಾವಿಸುತ್ತಾರೆ. ಡೆನ್ಮಾರ್ಕಿನ ಲೆಕ್ಕವನ್ನು ನೋಡಿದ ಮೇಲೆ ಆ ಕಾಗದದ ಬೆಲೆ ಬೇರೆಯೆಂದು ಹೇಳಬೇಕಾಗುತ್ತದೆ.

ಬಾಯಿಗೆ ಬಾಯಿಟ್ಟು ಉಸಿರು ನೀಡಬೇಕೇ

ಅಪರಿಚಿತರ ಬಾಯಿಗೆ ಬಾಯಿಟ್ಟು ಉಸಿರು ನೀಡಲು ಜನರು ಹಿಂಜರಿಯುವುದು ಸಹಜ. ಸಿಪಿಆರ್ ಎಂದಾಕ್ಷಣ ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ. ಅಮೆರಿಕದ ಸಿಯಾಟಲ್ ನಗರದಲ್ಲಿ ತುರ್ತು ಕರೆ ಮಾಡಿದವರಿಗೆ ದೂರವಾಣಿಯ ಮೂಲಕ ಎರಡು ಬಗೆಯ ಸೂಚನೆಗಳನ್ನು ಚೀಟಿ ಎತ್ತಿದಂತೆ ಹಂಚಿ ಪರೀಕ್ಷಿಸಲಾಯಿತು. ಕೆಲವರಿಗೆ ಎದೆ ಒತ್ತಲು ಮಾತ್ರ, ಕೆಲವರಿಗೆ ಒತ್ತುವುದರೊಡನೆ ಉಸಿರನ್ನೂ ನೀಡಲು ತಿಳಿಸಲಾಗಿತ್ತು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ ಬದುಕಿ ಮನೆಗೆ ಮರಳಿದವರು ಮೊದಲ ಗುಂಪಿನಲ್ಲಿ ಶೇಕಡಾ 14.6, ಎರಡನೆಯದರಲ್ಲಿ ಶೇಕಡಾ 10.4. 2010ರಲ್ಲಿ ಪ್ರಕಟವಾದ ಇನ್ನೆರಡು ದೊಡ್ಡ ಅಧ್ಯಯನಗಳಲ್ಲಿಯೂ ಬರೀ ಒತ್ತುವಿಕೆಯು ಹಿಂದೆ ಬೀಳಲಿಲ್ಲ. ವಯಸ್ಕರೊಬ್ಬರು ಹಠಾತ್ತನೆ ಕುಸಿದಾಗ ಅವರ ರಕ್ತದಲ್ಲಿ ಕೆಲವು ನಿಮಿಷಗಳಿಗೆ ಸಾಕಾಗುವಷ್ಟು ಆಮ್ಲಜನಕ ಉಳಿದಿರುತ್ತದೆ, ಇಲ್ಲದಿರುವುದು ಅದನ್ನು ಮೆದುಳಿಗೆ ಮುಟ್ಟಿಸುವ ಚಲನೆ ಮಾತ್ರ. ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಆಸ್ಪತ್ರೆಯ ಹೊರಗೆ ಸಾಮಾನ್ಯ ಜನರು ಎದೆ ಒತ್ತುವುದನ್ನಷ್ಟೇ ಮಾಡಿದರೆ ಸಾಕೆಂದು ತಿಳಿಸುತ್ತದೆ. ಮಕ್ಕಳ ವಿಷಯದಲ್ಲಿ ಮತ್ತು ನೀರಿನಲ್ಲಿ ಮುಳುಗಿದವರ ವಿಷಯದಲ್ಲಿ ಮಾತ್ರ ಉಸಿರಿನ ಕೊರತೆಯೇ ಮೂಲವಾಗಿರುವುದರಿಂದ, ತರಬೇತಿ ಪಡೆದವರಿದ್ದಲ್ಲಿ ಉಸಿರನ್ನೂ ನೀಡತಕ್ಕದ್ದು.

ವ್ಯಕ್ತಿ ಕುಸಿದಾಗ ಅನುಸರಿಸಬೇಕಾದ ಕ್ರಮ

ಮೊದಲು ಭುಜವನ್ನು ತಟ್ಟಿ ಗಟ್ಟಿಯಾಗಿ ಕರೆಯಬೇಕು. ಪ್ರತಿಕ್ರಿಯೆ ಇಲ್ಲದಿದ್ದಲ್ಲಿ ಹತ್ತು ಸೆಕೆಂಡುಗಳನ್ನು ಮೀರದಂತೆ ಎದೆಯ ಏರಿಳಿತವನ್ನು ಗಮನಿಸಬೇಕು. ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರು ಮೇಲುಸಿರು ಬಿಡುತ್ತಾರೆ. ಬಾಯಿ ತೆರೆದು ಮುಚ್ಚುವುದು, ಗೊರಕೆಯಂತಹ ಶಬ್ದ, ಬಿಟ್ಟುಬಿಟ್ಟು ಎಳೆಯುವ ಉಸಿರು, ಇವು ಉಸಿರಾಟವಲ್ಲ. ಪ್ರಜ್ಞೆಯಿಲ್ಲದೆ, ಸಹಜವಾಗಿ ಉಸಿರಾಡದೆ ಇರುವ ವ್ಯಕ್ತಿಯ ಹೃದಯ ನಿಂತಿದೆಯೆಂದೇ ತಿಳಿಯಬೇಕು. ಮೇಲೆ ಹೇಳಿದ ರೈತರ ಪ್ರಕರಣದಲ್ಲಿ ಮೂವತ್ತು ಜನರ ಕೈಗಳನ್ನು ಕಟ್ಟಿಹಾಕಿದ್ದು ಈ ಶಬ್ದವೇ. ನಾಡಿಯನ್ನು ಹುಡುಕುತ್ತಾ ಕೂರುವುದು ಬೇಡ. ನೀರು ಕುಡಿಸುವುದು, ಎತ್ತಿ ಕುಳ್ಳಿರಿಸುವುದು, ಕೀಲಿಗೊಂಚಲು ಹಿಡಿಸುವುದು ಇವುಗಳಿಂದ ಸಮಯವಷ್ಟೇ ಕಳೆಯುತ್ತದೆ.

ಕೂಡಲೇ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕೈತೋರಿಸಿ 108ಕ್ಕೆ ಕರೆ ಮಾಡುವಂತೆ ತಿಳಿಸಬೇಕು. ಯಾರಾದರೂ ಕರೆ ಮಾಡಿ ಎಂದರೆ ಯಾರೂ ಮಾಡುವುದಿಲ್ಲ. 2008ರಿಂದ ರಾಜ್ಯದಲ್ಲಿರುವ ಈ ಸೇವೆಯು ಉಚಿತವಾದುದು. ಒಬ್ಬರೇ ಇದ್ದಲ್ಲಿ ಮೊಬೈಲನ್ನು ಸ್ಪೀಕರ್‌ನಲ್ಲಿಟ್ಟು ಪಕ್ಕದಲ್ಲಿ ಇರಿಸಿಕೊಳ್ಳಬೇಕು. ಸ್ಥಳದ ಹೆಸರಿನೊಡನೆ ಸುಲಭವಾಗಿ ಗುರುತಿಸಬಹುದಾದ ದೇವಸ್ಥಾನ, ಶಾಲೆ ಅಥವಾ ಬಸ್ ನಿಲ್ದಾಣವನ್ನು ತಿಳಿಸುವುದು ಒಳಿತು.

ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ ಕುಳಿತು, ಎದೆಯ ಮಧ್ಯದಲ್ಲಿ ಒಂದು ಅಂಗೈಯ ಬುಡವನ್ನಿಟ್ಟು ಅದರ ಮೇಲೆ ಮತ್ತೊಂದು ಕೈಯನ್ನಿರಿಸಬೇಕು. ಮೊಣಕೈಗಳನ್ನು ಮಡಿಸದೆ, ಮೈಭಾರವನ್ನು ಬಿಟ್ಟು, ಎದೆಯು 5ರಿಂದ 6 ಸೆಂಟಿಮೀಟರ್ ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಬಾರಿಯೂ ಎದೆಯು ಪೂರ್ತಿಯಾಗಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯದೊಳಕ್ಕೆ ರಕ್ತ ಮರಳಿ ತುಂಬುವುದು ಆಗಲೇ. ಇದು ನೋಡುವಷ್ಟು ಸುಲಭದ ಕೆಲಸವಲ್ಲ. ಎರಡು ನಿಮಿಷದೊಳಗೆ ಯಾರಿಗಾದರೂ ದಣಿವಾಗುತ್ತದೆ, ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ತಡಮಾಡದೆ ಬದಲಾಯಿಸಿಕೊಳ್ಳಬೇಕು. ಆಂಬುಲೆನ್ಸ್ ಬರುವವರೆಗೆ ಅಥವಾ ವ್ಯಕ್ತಿಯು ಚಲಿಸತೊಡಗುವವರೆಗೆ ನಿಲ್ಲಿಸಬಾರದು. ಆಟೋರಿಕ್ಷಾದಲ್ಲಿ ಕುಳ್ಳಿರಿಸಿ ಕರೆದೊಯ್ದರೆ ದಾರಿಯುದ್ದಕ್ಕೂ ಒತ್ತುವಿಕೆಯು ನಿಂತಿರುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಹೃದಯ ನಿಂತಿರದಿದ್ದಲ್ಲಿ ಒತ್ತಿದರೆ ಅಪಾಯವಾಗುವುದಿಲ್ಲವೇ ಎಂಬ ಸಂಶಯಕ್ಕೂ ಸಿಯಾಟಲ್ ಪ್ರದೇಶದಲ್ಲಿಯೇ ಉತ್ತರ ಹುಡುಕಲಾಗಿದೆ. ತಪ್ಪಾಗಿ ಗ್ರಹಿಸಿ ಎದೆ ಒತ್ತಲ್ಪಟ್ಟವರನ್ನು ಪರಿಶೀಲಿಸಿದ 2010ರ ಅಧ್ಯಯನದಲ್ಲಿ ಮೂಳೆ ಮುರಿತ ಕಂಡುಬಂದದ್ದು ಶೇಕಡಾ 2ರಷ್ಟು ಜನರಲ್ಲಿ, ಒಳಗಿನ ಅಂಗಗಳಿಗೆ ಪೆಟ್ಟಾದವರು ಯಾರೂ ಇರಲಿಲ್ಲ. ನಿಂತ ಹೃದಯವನ್ನು ಒತ್ತದೆ ಬಿಟ್ಟಲ್ಲಿ ಆಗುವ ಹಾನಿಯೊಡನೆ ಇದನ್ನು ಹೋಲಿಸಿ ನೋಡಬಹುದು.

ವಿದ್ಯುತ್ ಆಘಾತ ನೀಡುವ ಯಂತ್ರ

ಅದುರುತ್ತಿರುವ ಹೃದಯವನ್ನು ಸರಿದಾರಿಗೆ ತರುವುದು ವಿದ್ಯುತ್ ಆಘಾತ. ಎದೆ ಒತ್ತುವುದು ಅಲ್ಲಿಯವರೆಗೆ ಮೆದುಳನ್ನು ಕಾಯುತ್ತದೆ. ಎಇಡಿ ಎಂಬ ಸಣ್ಣ ಯಂತ್ರವನ್ನು ಈಗ ವಿಮಾನ ನಿಲ್ದಾಣ ಮುಂತಾದೆಡೆ ಕಾಣಬಹುದು. ತೆರೆದೊಡನೆ ಅದೇ ಧ್ವನಿಯಲ್ಲಿ ಸೂಚನೆ ನೀಡುತ್ತದೆ, ಹೃದಯದ ಲಯವನ್ನು ತಾನೇ ಪರೀಕ್ಷಿಸುತ್ತದೆ ಮತ್ತು ಅಗತ್ಯವಿಲ್ಲದಿದ್ದಲ್ಲಿ ಆಘಾತ ನೀಡುವುದಿಲ್ಲ. ಅಮೆರಿಕದ ಜೂಜುಕೇಂದ್ರಗಳ ಭದ್ರತಾ ಸಿಬ್ಬಂದಿಗೆ ಇದರ ಬಳಕೆಯನ್ನು ಕಲಿಸಿ ನಡೆಸಿದ ಅಧ್ಯಯನದಲ್ಲಿ, ಕುಸಿದುದನ್ನು ಕಂಡು 3 ನಿಮಿಷದೊಳಗೆ ಆಘಾತ ನೀಡಲಾದವರಲ್ಲಿ ಶೇಕಡಾ 74 ಮಂದಿ ಬದುಕಿದರು, 3 ನಿಮಿಷ ಮೀರಿದಲ್ಲಿ ಶೇಕಡಾ 49. ಇದು 2000ದಲ್ಲಿ ಪ್ರಕಟವಾದ ಮಾಹಿತಿ. ಅವರು ಕಾವಲುಗಾರರೇ ಹೊರತು ವೈದ್ಯರಲ್ಲ. ಆದರೆ ಯಂತ್ರವನ್ನು ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಫಲವಿಲ್ಲ. ಡೆನ್ಮಾರ್ಕಿನಲ್ಲಿಯೂ 2010ರಲ್ಲಿ ಆಂಬುಲೆನ್ಸ್ ಬರುವ ಮುನ್ನ ಇದರ ಬಳಕೆಯಾದದ್ದು ಶೇಕಡಾ 2.2 ಪ್ರಕರಣಗಳಲ್ಲಿ ಮಾತ್ರ.

ಕಾನೂನಿನ ಭಯ

ನೆರವಿಗೆ ಹೋದರೆ ಪೊಲೀಸ್ ಠಾಣೆ, ನ್ಯಾಯಾಲಯ ಎಂದು ಅಲೆಯಬೇಕಾಗುತ್ತದೆ ಎಂಬ ಅಂಜಿಕೆ ಜನರಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 30ನೇ ಪ್ರಕರಣದ ಮೇರೆಗೆ, ಸಮ್ಮತಿ ನೀಡಲಾಗದ ಸ್ಥಿತಿಯಲ್ಲಿರುವ ವ್ಯಕ್ತಿಯ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕಾರ್ಯವು, ಅದರಿಂದ ಆ ವ್ಯಕ್ತಿಗೆ ಹಾನಿಯುಂಟಾಯಿತೆಂಬ ಕಾರಣಕ್ಕೆ ಅಪರಾಧವಾಗುವುದಿಲ್ಲ. ಹಿಂದಿನ ಭಾರತೀಯ ದಂಡ ಸಂಹಿತೆಯ 92ನೇ ಪ್ರಕರಣದಲ್ಲಿಯೂ ಇದೇ ಉಪಬಂಧವಿತ್ತು. ರಸ್ತೆ ಅಪಘಾತದ ಗಾಯಾಳುಗಳಿಗೆ ನೆರವಾದವರಿಗೆ 2019ರಲ್ಲಿ ಮೋಟಾರು ವಾಹನ ಅಧಿನಿಯಮಕ್ಕೆ ಸೇರಿಸಲಾದ 134ಎ ಪ್ರಕರಣವು ಪ್ರತ್ಯೇಕ ರಕ್ಷಣೆ ನೀಡುತ್ತದೆ. ನೆರವಿಗೆ ಧಾವಿಸಿದವರ ರಕ್ಷಣೆಗಾಗಿ ಕರ್ನಾಟಕವು 2016ರಲ್ಲಿಯೇ ತನ್ನದೇ ಆದ ಅಧಿನಿಯಮವನ್ನು ರೂಪಿಸಿದೆ.

ಆಂಬುಲೆನ್ಸ್ ಸಿಬ್ಬಂದಿ ಬಂದ ಮೇಲೆ

ಸಿಬ್ಬಂದಿಯು ತಾವೇ ಕೈಗೆತ್ತಿಕೊಳ್ಳುವವರೆಗೆ ಒತ್ತುವುದನ್ನು ಮುಂದುವರಿಸಬೇಕು. ವ್ಯಕ್ತಿಯು ಕುಸಿದ ಸಮಯ, ಎದೆ ಒತ್ತಲು ಆರಂಭಿಸಿದ ಸಮಯ, ಎಇಡಿ ಬಳಸಿದ್ದರೆ ಎಷ್ಟು ಬಾರಿ ಆಘಾತ ನೀಡಲಾಯಿತು ಎಂಬುದನ್ನು ಅವರಿಗೆ ತಿಳಿಸಬೇಕು. ಆದ್ದರಿಂದ ಕುಸಿದೊಡನೆ ಯಾರಾದರೊಬ್ಬರು ಗಡಿಯಾರ ನೋಡಿಟ್ಟುಕೊಳ್ಳುವುದು ಅವಶ್ಯ. ಆ ರೈತರನ್ನು ಕರೆದೊಯ್ದಾಗ ಆಸ್ಪತ್ರೆಯ ವೈದ್ಯರು ಮೊದಲು ಕೇಳಿದ್ದೂ ಇದನ್ನೇ. ಜೊತೆಯಲ್ಲಿ ಹೋಗಿದ್ದವರಲ್ಲಿ ಒಬ್ಬರು ಹತ್ತು ನಿಮಿಷವೆಂದರು, ಮತ್ತೊಬ್ಬರು ಅರ್ಧ ಗಂಟೆಯೆಂದರು. ಕೊನೆಗೆ ಅವರ ಜೇಬಿನಲ್ಲಿದ್ದ ಟೋಕನ್ ಚೀಟಿಯ ಮೇಲೆ ಅವರು ಸರದಿಗೆ ಬಂದ ಸಮಯ ಮಾತ್ರ ಇತ್ತು.